ಸ್ಟೋಮಾ ಬ್ಯಾಗ್ ತೆಗೆಸಬೇಕಾ, ಬೇಡವಾ? ರಿವರ್ಸಲ್ ಆಪರೇಷನ್ನಿನ ಸಮಗ್ರ ಮಾರ್ಗದರ್ಶಿ

ಆಪರೇಷನ್ ಆದ ಮೂರನೇ ದಿನ ಸರ್ಜನ್ ರೌಂಡ್ಸ್‌ಗೆ ಬಂದರು. ಕ್ಯಾನ್ಸರ್ ಪೂರ್ತಿ ಹೋಯಿತಾ ಅಂತ ನಾನು ಕೇಳಲಿಲ್ಲ. "ಡಾಕ್ಟ್ರೇ, ಈ ಬ್ಯಾಗ್ ಯಾವಾಗ ತೆಗೀತೀರಿ?" ಎಂದೆ. "ಮೂರು ತಿಂಗಳು ಹೋಗಲಿ, ನೋಡೋಣ" ಎಂದರು. ನಡುವೆ ಕೀಮೋ ಬಂತು. ಮೂರು ತಿಂಗಳು ಒಂಬತ್ತಾಯಿತು. (ಸ್ಟೋಮಾ ಅಂದರೆ ಮಲ ಹೊರಬರಲು ಹೊಟ್ಟೆಯ ಮೇಲೆ ಕರುಳಿಗೆ ಮಾಡಿದ ಬಾಯಿ, ಅದಕ್ಕೆ ಅಂಟಿಸುವ ಚೀಲವೇ ಈ ಬ್ಯಾಗ್. ಆ ಬಾಯಿ ಮುಚ್ಚಿ ಮಲ ಮತ್ತೆ ಹಳೆಯ ದಾರಿಯಲ್ಲೇ ಹೋಗುವ ಹಾಗೆ ಮಾಡುವುದೇ ರಿವರ್ಸಲ್.)

ಆ ಒಂಬತ್ತು ತಿಂಗಳೂ ನಾನು ಒಂದೇ ತಪ್ಪು ಮಾಡಿದೆ. ಬ್ಯಾಗ್ ತೆಗೆದರೆ ಸಾಕು, ಎಲ್ಲ ಮೊದಲಿನ ಹಾಗೆ ಆಗುತ್ತದೆ ಅಂದುಕೊಂಡೆ. ಬ್ಯಾಗ್ ಹೋಯಿತು, ನಿಜ. ಆದರೆ ಮೊದಲಿನ ಹೊಟ್ಟೆ ವಾಪಸ್ ಬರಲಿಲ್ಲ. ಸಿಕ್ಕಿದ್ದು ಬೇರೆಯೇ ಒಂದು ಹೊಟ್ಟೆ. ಅದಕ್ಕೆ ಅದರದ್ದೇ ಟೈಮ್‌ಟೇಬಲ್ಲು, ಅದರದ್ದೇ ಹಟ. ಅದನ್ನು ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ ನನ್ನ ತಯಾರಿ ಬೇರೆ ಥರ ಇರುತ್ತಿತ್ತು. ಅದಕ್ಕೇ ಈ ಬರಹ. ನನಗೆ ಆಗಿದ್ದು ರೆಕ್ಟಮ್ ಕ್ಯಾನ್ಸರ್, ಅಂದರೆ ಗುದದ್ವಾರಕ್ಕೆ ಸ್ವಲ್ಪ ಮೇಲಿನ, ದೊಡ್ಡ ಕರುಳಿನ ಕೊನೆಯ ಭಾಗದ್ದು, ಹಾಗಾಗಿ ಜಾಸ್ತಿ ಮಾತು ಅದರ ಬಗ್ಗೆಯೇ ಇದೆ. ನಿಮ್ಮ ಕಾರಣ ಬೇರೆ ಇದ್ದರೂ ದಾರಿ ಬಹುಪಾಲು ಇದೇ.

ಹಂತ 1: ಫೈಲು ತೆಗೆಯಿರಿ, ನಿಮ್ಮದು ಯಾವ ಸ್ಟೋಮಾ ನೋಡಿ

ಡಿಸ್ಚಾರ್ಜ್ ಸಮ್ಮರಿಯಲ್ಲಿ ಆಪರೇಷನ್ ಹೆಸರು ಇರುತ್ತದೆ. ಅರ್ಥ ಆಗದಿದ್ದರೆ ಡಾಕ್ಟರ ಹತ್ತಿರ ಓದಿಸಿ. ರಿವರ್ಸಲ್ ಸುಲಭವಾ, ಕಷ್ಟವಾ, ಆಗುವುದೇ ಇಲ್ಲವಾ ಎನ್ನುವುದು ಬಹುಪಾಲು ಇಲ್ಲೇ ಗೊತ್ತಾಗುತ್ತದೆ.

ಲೂಪ್ ಇಲಿಯಾಸ್ಟಮಿ ಅಂದರೆ ಸಣ್ಣ ಕರುಳನ್ನು ಕುಣಿಕೆಯ ಹಾಗೆ ಹೊರಗೆಳೆದು, ಸಾಮಾನ್ಯವಾಗಿ ಹೊಟ್ಟೆಯ ಬಲಗಡೆ ಬಾಯಿ ತೆರೆದಿರುವುದು. ಬ್ಯಾಗಿನಲ್ಲಿ ಬೀಳುವುದು ಗಂಜಿಯ ಹದಕ್ಕೆ ಇರುತ್ತದೆ. ಕೆಳಗೆ ಕರುಳು ಜೋಡಿಸಿದ ಜಾಗ ಒಣಗುವವರೆಗೆ ಮಲ ಅತ್ತ ಹೋಗದಿರಲಿ ಅಂತ ಮಾಡಿದ ಬೈಪಾಸ್ ರಸ್ತೆ ಇದು. ಆ ಜೋಡಣೆಗೆ ವಾರ್ಡಿನಲ್ಲಿ ಎಲ್ಲರೂ ಜಾಯಿಂಟ್ ಅಂತಲೇ ಹೇಳುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಈ ಬಗೆಯ ಸ್ಟೋಮಾ ಮುಚ್ಚಲು ಸಾಮಾನ್ಯವಾಗಿ ಹಳೆಯ ದೊಡ್ಡ ಗಾಯ ಬಿಚ್ಚಬೇಕಿಲ್ಲ. ಬ್ಯಾಗ್ ಇದ್ದ ಜಾಗದಲ್ಲೇ ಕೆಲಸ ಮುಗಿಯುತ್ತದೆ.

ಹಾರ್ಟ್‌ಮನ್ ಆಪರೇಷನ್ ಬೇರೆ. ಫ್ರಾನ್ಸಿನ ಸರ್ಜನ್ ಆನ್ರಿ ಹಾರ್ಟ್‌ಮನ್ 1921ರಲ್ಲಿ ವಿವರಿಸಿದ್ದು ಇದು. ಕರುಳು ತೂತಾಗಿಯೋ ಕಟ್ಟಿಕೊಂಡೋ ತುರ್ತಾಗಿ ಆಪರೇಷನ್ ಆದವರಿಗೆ ಇದೇ ಜಾಸ್ತಿ. ಇದರಲ್ಲಿ ಕೆಳಗೆ ಜಾಯಿಂಟೇ ಇರುವುದಿಲ್ಲ, ಕೆಳಗಿನ ತುದಿಯನ್ನು ಮುಚ್ಚಿ ಒಳಗೇ ಬಿಟ್ಟಿರುತ್ತಾರೆ. ರಿವರ್ಸಲ್ ಬೇಕೆಂದರೆ ಮತ್ತೆ ಹೊಟ್ಟೆಯೊಳಗೆ ಹೋಗಿ ಆ ತುದಿಯನ್ನು ಹುಡುಕಿ ಜೋಡಿಸಬೇಕು. ಅದು ದೊಡ್ಡ ಆಪರೇಷನ್ನು. ವಯಸ್ಸಾದವರು, ಹೃದ್ರೋಗ ಇರುವವರು ಎಷ್ಟೋ ಮಂದಿ ಹಾಗೇ ಬಿಟ್ಟುಬಿಡುತ್ತಾರೆ.

ಗುದದ್ವಾರವನ್ನೇ ತೆಗೆದು ಹೊಲಿದು ಮುಚ್ಚಿದ್ದರೆ ಬ್ಯಾಗ್ ಶಾಶ್ವತ. ಇದನ್ನು ಬಾಯಿಬಿಟ್ಟು ಹೇಳಲು ಎಲ್ಲರೂ ಹಿಂಜರಿಯುತ್ತಾರೆ, ಮನೆಯವರಂತೂ "ಮುಂದೆ ನೋಡೋಣ" ಅಂತ ತೇಲಿಸುತ್ತಾರೆ. ನೇರವಾಗಿ ಕೇಳಿ ತಿಳಿದುಕೊಳ್ಳಿ.

ಹಂತ 2: ಕಾಯುವ ದಿನಗಳಲ್ಲಿ ನೀರು, ಉಪ್ಪು

ಲೂಪ್ ಇಲಿಯಾಸ್ಟಮಿಯನ್ನು ಸಾಮಾನ್ಯವಾಗಿ 8ರಿಂದ 12 ವಾರ ಬಿಟ್ಟು ಮುಚ್ಚುತ್ತಾರೆ. ಕೀಮೋ ಇದ್ದರೆ ಅದು ಮುಗಿದು, ರಕ್ತದ ಅಂಶಗಳು ಸುಧಾರಿಸಿದ ಮೇಲೆ. ಕಾಯುವುದು ಸುಮ್ನೆ ಅಲ್ಲ. ಒಳಗಿನ ಊತ ಇಳಿಯಬೇಕು, ಅಂಟಿಕೊಂಡ ಕರುಳು ಸ್ವಲ್ಪ ಸಡಿಲವಾಗಬೇಕು.

ಈ ಅವಧಿಯಲ್ಲಿ ದೊಡ್ಡ ಅಪಾಯ ನಿರ್ಜಲೀಕರಣ. ಒಂದು ಅಳತೆ ಜಗ್ ಇಟ್ಟುಕೊಂಡು ದಿನಕ್ಕೆ ಬ್ಯಾಗಿನಿಂದ ಎಷ್ಟು ಹೋಗುತ್ತದೆ ಬರೆದಿಡಿ. ಒಂದೂವರೆ ಲೀಟರ್ ದಾಟಿದರೆ ಡಾಕ್ಟರಿಗೆ ಫೋನ್ ಮಾಡಲೇಬೇಕು. ನಾನು ಬಾಯಾರಿಕೆ ಅಂತ ಬರೀ ನೀರು ಕುಡಿದೆ, ಬಿಂದಿಗೆಗಟ್ಟಲೆ. ಕುಡಿದಷ್ಟೂ ಬ್ಯಾಗಿಗೆ ಜಾಸ್ತಿ ಬಿತ್ತು, ಜೊತೆಗೆ ಉಪ್ಪನ್ನೂ ಎಳೆದುಕೊಂಡು ಹೋಯಿತು. ಕಾಲು ಹಿಡಿದುಕೊಳ್ಳುತ್ತಿತ್ತು, ತಲೆ ತಿರುಗುತ್ತಿತ್ತು. ಎರಡು ದಿನ ಅಡ್ಮಿಟ್ ಆಗಿ ಡ್ರಿಪ್ ಹಾಕಿಸಿಕೊಂಡು ಬಂದೆ. ಬೇಕಾಗಿದ್ದದ್ದು ಒಆರ್‌ಎಸ್ ಪುಡಿ. ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುವ ಡಬ್ಲ್ಯುಎಚ್‌ಒ ಅಳತೆಯದು. ಅಂಗಡಿಯಲ್ಲಿ ಒಆರ್‌ಎಸ್ ಥರವೇ ಕಾಣುವ ಸಿಹಿ ಜ್ಯೂಸ್ ಡಬ್ಬಿ ಕೊಡುತ್ತಾರೆ, ಅದು ಇದಲ್ಲ. ಪ್ಯಾಕೆಟ್ ತಿರುಗಿಸಿ ಓದಿ.

ನಿರ್ಜಲೀಕರಣ ಪದೇ ಪದೇ ಆಗಿ ಕಿಡ್ನಿಗೆ ತೊಂದರೆಯಾದರೆ ರಿವರ್ಸಲ್ ಬೇಗ ಮಾಡಿಸಲು ಅದೇ ಒಂದು ಕಾರಣವಾಗುತ್ತದೆ.

ಹಂತ 3: ಜಾಯಿಂಟ್ ಗಟ್ಟಿಯಾಗಿದೆಯಾ?

ತಾರೀಖು ಕೊಡುವ ಮೊದಲು ಕೆಳಗಿನ ದಾರಿ ನೋಡುತ್ತಾರೆ. ಮೊದಲು ಬೆರಳಿನ ಪರೀಕ್ಷೆ. ಆಮೇಲೆ ಕ್ಯಾಮೆರಾ ಹಾಕಿ ನೋಡುವುದು, ಇಲ್ಲವೇ ಕಾಂಟ್ರಾಸ್ಟ್ ಎನಿಮಾ ಎಕ್ಸ್‌ರೇ, ಕೆಲವೊಮ್ಮೆ ಎರಡೂ. ಎಕ್ಸ್‌ರೇಯಲ್ಲಿ ಹಿಂದಿನಿಂದ ಒಂದು ದ್ರವ ಬಿಡುತ್ತಾರೆ. ಅದು ಪರದೆಯ ಮೇಲೆ ಕರುಳಿನ ಆಕಾರದಲ್ಲೇ ಹರಿದರೆ ಸರಿ. ಪಕ್ಕಕ್ಕೆ ಎಲ್ಲಾದರೂ ಒಸರಿದರೆ ಜಾಯಿಂಟ್ ಇನ್ನೂ ಸೋರುತ್ತಿದೆ ಅಂತ ಅರ್ಥ, ಆಗ ಕಾಯಬೇಕು. ಜಾಯಿಂಟ್ ಕಿರಿದಾಗಿದ್ದರೆ ಹಿಗ್ಗಿಸುತ್ತಾರೆ. ಕ್ಯಾನ್ಸರ್ ಆಗಿದ್ದವರಿಗೆ ಸಿ.ಟಿ. ಸ್ಕ್ಯಾನ್ ಕೂಡ ಇರುತ್ತದೆ. ಮೇಲಿಂದ ರಕ್ತ ಪರೀಕ್ಷೆಗಳು: ಹಿಮೋಗ್ಲೋಬಿನ್, ಅಲ್ಬುಮಿನ್, ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್.

ಬೆರಳಿನ ಪರೀಕ್ಷೆ ವೇಳೆ ಡಾಕ್ಟರು "ಬಿಗಿ ಹಿಡೀರಿ, ಸಂಡಾಸ್ ತಡೆಯೋ ಥರ" ಅನ್ನುತ್ತಾರೆ. ನಾಚಿಕೆ ಬಿಟ್ಟು ಗಟ್ಟಿಯಾಗಿ ಹಿಡಿಯಿರಿ. ನಾಳೆ ನಿಮ್ಮನ್ನು ಕಾಯಬೇಕಾದ ಸ್ನಾಯು ಅದೇ. ಅದು ಸಡಿಲ ಅನ್ನಿಸಿದರೆ ಒತ್ತಡ ಅಳೆಯುವ ಪರೀಕ್ಷೆ ಮಾಡಬಹುದಾ ಅಂತ ಕೇಳಿ.

ಬ್ಯಾಗ್ ಇದ್ದರೂ ಹಿಂದಿನಿಂದ ಲೋಳೆ ಹೋಗುವುದು ಉಂಟು. ಉಪಯೋಗಿಸದ ಕರುಳೂ ಲೋಳೆ ಮಾಡುತ್ತಲೇ ಇರುತ್ತದೆ, ಗಾಬರಿ ಬೇಡ. ರಕ್ತ ಬಂದರೆ ಮಾತ್ರ ತಿಳಿಸಿ.

ಹಂತ 4: ಅಸಲಿ ಪ್ರಶ್ನೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಆಪರೇಷನ್ ಆಗುತ್ತದಾ ಎನ್ನುವುದು ಡಾಕ್ಟರ ಪ್ರಶ್ನೆ. ಆದ ಮೇಲೆ ಬರುವ ದಿನಚರಿ ನನಗೆ ಒಗ್ಗುತ್ತದಾ ಎನ್ನುವುದು ನಮ್ಮ ಪ್ರಶ್ನೆ.

ರೆಕ್ಟಮ್ ಅಂದರೆ ಮನೆಯ ನೀರಿನ ಸಂಪ್ ಇದ್ದ ಹಾಗೆ. ಬಂದದ್ದನ್ನು ತುಂಬಿಟ್ಟುಕೊಂಡು ನಮಗೆ ಪುರುಸೊತ್ತಾದಾಗ ಬಿಡುತ್ತದೆ. ಅದನ್ನು ಕತ್ತರಿಸಿ ತೆಗೆದರೆ ಪೈಪು ನೇರವಾಗಿ ನಲ್ಲಿಗೆ ಬಂತು ಅಂತ ಲೆಕ್ಕ. ಅರ್ಜೆಂಟು ಬಂದರೆ ತಡೆಯಲು ನಿಮಿಷಗಳೂ ಇರುವುದಿಲ್ಲ. ಒಂದು ಸಲ ಹೋಗಿ ಬಂದು ಕೂತರೆ ಹತ್ತು ನಿಮಿಷಕ್ಕೆ ಮತ್ತೆ, ಆಮೇಲೆ ಮತ್ತೆ. ಗ್ಯಾಸೋ ಮಲವೋ ಅಂತ ವ್ಯತ್ಯಾಸ ತಿಳಿಯುವುದು ಕಷ್ಟ. ಕೆಲವರಿಗೆ ಸೋರುತ್ತದೆ. ಈ ಎಲ್ಲ ತೊಂದರೆಗಳಿಗೂ ಸೇರಿ ಡಾಕ್ಟರುಗಳು ಲಾರ್ಸ್ (ಲೋ ಆಂಟೀರಿಯರ್ ರಿಸೆಕ್ಷನ್ ಸಿಂಡ್ರೋಮ್) ಅಂತ ಹೆಸರಿಟ್ಟಿದ್ದಾರೆ. ಡೆನ್ಮಾರ್ಕಿನ ತಜ್ಞರು 2012ರಲ್ಲಿ ಪ್ರಕಟಿಸಿದ ಐದು ಪ್ರಶ್ನೆಗಳ ಅಳತೆಯೂ ಇದೆ: 0ಯಿಂದ 42ರವರೆಗೆ ಅಂಕ. 20ರವರೆಗೆ ತೊಂದರೆ ಇಲ್ಲ ಅಂತ, 21ರಿಂದ 29 ಸ್ವಲ್ಪ, 30 ಅಥವಾ ಅದಕ್ಕಿಂತ ಹೆಚ್ಚಾದರೆ ಜೋರು. ರೆಕ್ಟಮ್ ಆಪರೇಷನ್ ಆದವರಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಜನ ಜೋರು ಗುಂಪಿಗೆ ಬೀಳುತ್ತಾರೆ.

ಯಾರಿಗೆ ಜಾಸ್ತಿ ಎನ್ನುವುದರ ಸುಳಿವು ಮೊದಲೇ ಸಿಗುತ್ತದೆ. ಜಾಯಿಂಟ್ ಗುದದ್ವಾರಕ್ಕೆ ಹತ್ತಿರ ಇದ್ದಷ್ಟೂ, ರೇಡಿಯೇಷನ್ ಆಗಿದ್ದರೆ, ಮೊದಲು ಜಾಯಿಂಟ್ ಸೋರಿದ್ದರೆ ತೊಂದರೆ ಹೆಚ್ಚು. ಆದ್ದರಿಂದ ಡಾಕ್ಟರ ಮುಂದೆ ಕೂತಾಗ ಕೇಳಬೇಕಾದ್ದು ಇವು: ನನ್ನ ಜಾಯಿಂಟ್ ಎಷ್ಟು ಸೆಂಟಿಮೀಟರ್ ಮೇಲಿದೆ? ಸ್ನಾಯು ಹೇಗಿದೆ? ನನ್ನಂಥವರಿಗೆ ನೀವು ಮುಚ್ಚಿದ ಮೇಲೆ ಒಂದು ವರ್ಷಕ್ಕೆ ಅವರು ಹೇಗಿದ್ದಾರೆ? ಮುಚ್ಚದೇ ಬಿಟ್ಟರೆ ನನಗೇನು ನಷ್ಟ? ಆಮೇಲೆ ಸರಿಹೋಗದಿದ್ದರೆ ಮತ್ತೆ ಸ್ಟೋಮಾ ಮಾಡಬಹುದಾ? ಕೊನೆಯದಕ್ಕೆ ಉತ್ತರ ಸಾಮಾನ್ಯವಾಗಿ "ಹೌದು". ಅದು ಗೊತ್ತಿದ್ದರೆ ಮನಸ್ಸು ಹಗುರಾಗುತ್ತದೆ. ಚೀಟಿಯಲ್ಲಿ ಬರೆದುಕೊಂಡು ಹೋಗಿ, ಒಳಗೆ ಹೋದ ತಕ್ಷಣ ಎಲ್ಲ ಮರೆತುಹೋಗುತ್ತದೆ.

ರೆಕ್ಟಮ್ ಕ್ಯಾನ್ಸರಿಗೆ ತಾತ್ಕಾಲಿಕ ಅಂತ ಹಾಕಿದ ಸ್ಟೋಮಾ ಸುಮಾರು ಐವರಲ್ಲಿ ಒಬ್ಬರಿಗೆ ಮುಚ್ಚುವುದೇ ಇಲ್ಲ. ಜಾಯಿಂಟ್ ಸೋರಿಕೆ, ಕಾಯಿಲೆ ಮರುಕಳಿಸುವುದು, ವಯಸ್ಸು ಹೀಗೆ ಕಾರಣಗಳು. ಕೆಲವರು ತಾವಾಗಿಯೇ ಬೇಡ ಅನ್ನುತ್ತಾರೆ. ನನ್ನ ಪಕ್ಕದ ಬೆಡ್ಡಿನಲ್ಲಿ ಮಲೆನಾಡಿನ ಕಡೆಯ ಒಬ್ಬ ಅಜ್ಜ ಇದ್ದರು, ಎಪ್ಪತ್ತಾರು ವರ್ಷ, ಅಡಿಕೆ ತೋಟದವರು. ನಾನು ರಿವರ್ಸಲ್‌ಗೆ ಕುಣಿಯುತ್ತಿದ್ದರೆ ಅವರು ಬ್ಯಾಗಿನ ಮೇಲೆ ಕೈಯಿಟ್ಟುಕೊಂಡು, "ಇದು ನನ್ನ ಮಾತು ಕೇಳ್ತದೆ ಮಾರಾಯ. ಬಿಚ್ಚಿದ ಮೇಲೆ ಆ ಕರುಳು ಕೇಳ್ತದೋ ಇಲ್ಲವೋ, ತೋಟದಲ್ಲಿ ನಾನೆಲ್ಲಿ ಓಡ್ಲಿ?" ಎಂದರು. ಅವತ್ತು ಹೆದರುಪುಕ್ಕಲು ಅಜ್ಜ ಅಂದುಕೊಂಡೆ. ಈಗ ಅವರ ಲೆಕ್ಕ ನನ್ನದಕ್ಕಿಂತ ಚೆನ್ನಾಗಿತ್ತು ಅನ್ನಿಸುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಇಷ್ಟು. ವಯಸ್ಸು ಕಡಿಮೆ, ಸ್ನಾಯು ಗಟ್ಟಿ, ಜಾಯಿಂಟ್ ತೀರಾ ಕೆಳಗಿಲ್ಲ, ಇಲಿಯಾಸ್ಟಮಿಯಿಂದ ನೀರಿನಂಶ ಹೋಗಿ ಸುಸ್ತು ಎನ್ನುವವರು ಮಾಡಿಸಿಕೊಳ್ಳಿ. ಮೊದಲಿಂದಲೇ ಮಲ ತಡೆಯುವುದು ಕಷ್ಟ ಇದ್ದವರು, ಮಂಡಿನೋವಿನಿಂದ ಟಾಯ್ಲೆಟ್ಟಿಗೆ ಬೇಗ ನಡೆಯಲಾಗದವರು, ದಿನವಿಡೀ ಲಾರಿ ಓಡಿಸುವಂಥ ಕೆಲಸದವರು ಎರಡು ಸಲ ಯೋಚಿಸಿ. "ಜನ ಏನಂತಾರೆ" ಎನ್ನುವ ಒಂದೇ ಕಾರಣಕ್ಕೆ ಮಾತ್ರ ಮಾಡಿಸಬೇಡಿ. ಬ್ಯಾಗ್ ಶರ್ಟಿನ ಒಳಗೆ ಅಡಗುತ್ತದೆ. ಮದುವೆಮನೆಯಲ್ಲಿ ಊಟದ ಪಂಕ್ತಿಯಿಂದ ನಾಲ್ಕು ಸಲ ಎದ್ದು ಓಡುವುದು ಅಡಗುವುದಿಲ್ಲ.

ಹಂತ 5: ಮನೆಯ ತಯಾರಿ

ಮೊದಲ ತಯಾರಿ ಬಚ್ಚಲುಮನೆಯದು. ಕೂರುವ ಕಮೋಡು ಬೇಕು, ಮಲಗುವ ಕೋಣೆಗೆ ಹತ್ತಿರ ಬೇಕು. ನಮ್ಮ ಮನೆಯಲ್ಲಿ ಕಕ್ಕಸು ಹಿತ್ತಲಿನಲ್ಲಿತ್ತು. ಮಳೆಗಾಲದ ರಾತ್ರಿ ಮೂರು ಗಂಟೆಗೆ ಟಾರ್ಚ್ ಹಿಡಿದು ಓಡುವ ಯೋಗ ನನ್ನದಾಯಿತು. ಆಗದಿದ್ದರೆ ಕಮೋಡ್ ಕುರ್ಚಿ ಬಾಡಿಗೆಗೆ ತನ್ನಿ. ಕೈಯಲ್ಲಿ ಹಿಡಿಯುವ ವಾಟರ್ ಜೆಟ್ ಇರಲಿ, ಪ್ರೆಷರ್ ಕಡಿಮೆ ಇಡಿ.

ತಳಸ್ನಾಯುಗಳ ವ್ಯಾಯಾಮ ಇವತ್ತೇ ಶುರು ಮಾಡಿ. ಗ್ಯಾಸ್ ತಡೆಯುವ ಹಾಗೆ ಗುದವನ್ನು ಒಳಗೆಳೆದು ಐದು ಎಣಿಸಿ, ಬಿಟ್ಟು ಹತ್ತು ಎಣಿಸಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಬಸ್ಸಿಗೆ ಕಾಯುತ್ತಾ ಮಾಡಿದರೂ ಯಾರಿಗೂ ತಿಳಿಯುವುದಿಲ್ಲ.

ಬೀಡಿ, ಸಿಗರೇಟು ಬಿಡಿ. ಶುಗರ್ ಹತೋಟಿಗೆ ತನ್ನಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರಿಂದ ಬರೆಸಿಕೊಳ್ಳಿ. ಮನೆಗೆ ಜಿಂಕ್ ಆಕ್ಸೈಡ್ ಕ್ರೀಮು, ಪ್ಯಾಡು, ಹಳೆಯ ಮೆತ್ತನೆ ಹತ್ತಿ ಪಂಚೆ ತಂದಿಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಮಾಡಿಸುವವರು ರೆಫರಲ್ ಪತ್ರ ಬೇಕಾ, ರಿವರ್ಸಲ್‌ಗೆ ಬೇರೆ ಅನುಮತಿ ಬೇಕಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಅಡ್ಮಿಟ್ ಆಗುವ ದಿನ ಕೇಳಿದರೆ ಆ ದಿನ ಅಲ್ಲೇ ಹೋಯಿತು.

ಹಂತ 6: ಆಸ್ಪತ್ರೆಯಲ್ಲಿ

ಲೂಪ್ ಇಲಿಯಾಸ್ಟಮಿ ಮುಚ್ಚಲು ಒಂದರಿಂದ ಎರಡು ಗಂಟೆ, ಪೂರ್ತಿ ಅರಿವಳಿಕೆಯಲ್ಲಿ. ತೊಡಕಿಲ್ಲದಿದ್ದರೆ ಮೂರರಿಂದ ಐದು ದಿನಕ್ಕೆ ಮನೆ. ಹಾರ್ಟ್‌ಮನ್ ಆದವರಿಗೆ ಇನ್ನೂ ಜಾಸ್ತಿ.

ಎಚ್ಚರವಾದ ಮೇಲೆ ಬ್ಯಾಗ್ ಇದ್ದ ಜಾಗ ನೋಡಿ ಹೆದರಬೇಡಿ. ಎಷ್ಟೋ ಸರ್ಜನ್‌ಗಳು ಆ ಗಾಯವನ್ನು ಪೂರ್ತಿ ಮುಚ್ಚುವುದಿಲ್ಲ. ಎಲೆಯಡಿಕೆ ಸಂಚಿಯ ದಾರ ಎಳೆದ ಹಾಗೆ ಸುತ್ತ ಹೊಲಿಗೆ ಎಳೆದು, ನಡುವೆ ಸಣ್ಣ ತೂತು ಬಿಡುತ್ತಾರೆ. ಒಳಗಿನ ಕೊಳೆ ಹೊರಬರಲಿ, ಕೀವಾಗದಿರಲಿ ಅಂತ. ಅದು ತಳದಿಂದ ತುಂಬಿಕೊಂಡು ಬರಲು ಕೆಲವು ವಾರ ಬೇಕು. ಡ್ರೆಸ್ಸಿಂಗ್ ಹೇಗೆ ಅಂತ ಮನೆಯವರಿಗೆ ನರ್ಸ್ ಹತ್ತಿರ ಒಂದು ಸಲ ಮಾಡಿಸಿ ನೋಡಿಸಿ.

ವಾರ್ಡಿನಲ್ಲಿ ಎಲ್ಲರೂ ಕೇಳುವುದು ಒಂದೇ: "ಗ್ಯಾಸ್ ಪಾಸ್ ಆಯ್ತಾ?" ಕರುಳು ಕೆಲವು ದಿನ ಮುಷ್ಕರ ಹೂಡುವುದು ಸಾಮಾನ್ಯ. ಹೊಟ್ಟೆ ಉಬ್ಬಿ ವಾಂತಿ ಬಂದರೆ ಊಟ ನಿಲ್ಲಿಸಿ ಮೂಗಿನಿಂದ ನಳಿಕೆ ಹಾಕುತ್ತಾರೆ. ಬೇಗ ಎದ್ದು ಓಡಾಡಿ, ಅದೇ ಮದ್ದು. ಹೊಸ ಜಾಯಿಂಟ್ ಸೋರುವುದು ಅಪರೂಪ, ಆದರೆ ಸೋರಿದರೆ ಗಂಭೀರ.

ಹಂತ 7: ಮನೆಗೆ ಬಂದ ಮೊದಲ ಆರು ವಾರ

ನನ್ನ ಡೈರಿಯ ಒಂದು ಪುಟ ಹೀಗಿದೆ: "ಆರನೇ ದಿನ. ಹದಿನೇಳು ಸಲ. ಬೆಳಗ್ಗೆ 5ರಿಂದ 8ರ ಒಳಗೇ ಒಂಬತ್ತು. ಉರಿ. ಕಾಫಿ ಕುಡಿದದ್ದು ತಪ್ಪು." ನಿಮಗೆ ಇಷ್ಟೇ ಆಗಬೇಕೆಂದೇನೂ ಇಲ್ಲ. ಆದರೆ ಮೊದಲ ವಾರಗಳಲ್ಲಿ ದಿನಕ್ಕೆ ಹತ್ತು ಸಲ ದಾಟುವುದು ವಿಚಿತ್ರವಲ್ಲ. ತಿಂಗಳುಗಟ್ಟಲೆ ಕೆಲಸವಿಲ್ಲದೆ ಕೂತಿದ್ದ ಕರುಳು ಅದು.

ಚರ್ಮ ಮೊದಲು ಕೈಕೊಡುತ್ತದೆ. ಪ್ರತಿ ಸಲವೂ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಉಜ್ಜಬೇಡಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ. ಸೋಪು ಬೇಡ. ಒಣಗಿದ ಮೇಲೆ ಜಿಂಕ್ ಕ್ರೀಮು ತೆಳ್ಳಗೆ ಹಚ್ಚಿ. ಚರ್ಮ ಹುಣ್ಣಾದ ಮೇಲೆ ಹಚ್ಚುವುದಲ್ಲ, ಮೊದಲ ದಿನದಿಂದಲೇ. ನಾನು ನಾಲ್ಕನೇ ದಿನ ಶುರು ಮಾಡಿದೆ, ಆಗಲೇ ಕೂರಲು ಆಗುತ್ತಿರಲಿಲ್ಲ. ಸಂಜೆ ಹತ್ತು ನಿಮಿಷ ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು ಹಿತ. ಹೊಟ್ಟೆಯ ಗಾಯ ಮಾತ್ರ ನೆನೆಯಬಾರದು.

ಊಟಕ್ಕೆ ನಮ್ಮ ಅಡುಗೆಮನೆಯಲ್ಲೇ ಬೇಕಾದ್ದಿದೆ. ಮೆತ್ತಗಿನ ಅನ್ನ ಮೊಸರು, ಇಡ್ಲಿ, ಗಂಜಿ, ಬಾಳೆಹಣ್ಣು, ಬೇಯಿಸಿ ಹಿಚುಕಿದ ಆಲೂಗಡ್ಡೆ, ಬೆಂದ ಮೊಟ್ಟೆ ಮಲವನ್ನು ಸ್ವಲ್ಪ ಗಟ್ಟಿ ಮಾಡುತ್ತವೆ. ಬೇಳೆಯ ಕಟ್ಟಿನ ತಿಳಿಸಾರು ಇರಲಿ, ಖಾರ ಕಡಿಮೆ. ಮೆಣಸಿನಕಾಯಿ ಹೋಗುವಾಗಲೂ ಉರಿಸುತ್ತದೆ! ಒಂದು ಸಲಕ್ಕೆ ಸ್ವಲ್ಪ, ದಿನಕ್ಕೆ ಐದಾರು ಸಲ, ಚೆನ್ನಾಗಿ ಅಗಿದು. ತೆಂಗಿನಕಾಯಿ ಚೂರು, ಹಸಿ ಕೋಸಂಬರಿ, ಜೋಳ, ಅಣಬೆ, ಹಲಸಿನ ತೊಳೆ, ನುಗ್ಗೆಕಾಯಿ ನಾರು ಮೊದಲ ಆರು ವಾರ ಬೇಡ. ಊತ ಇರುವ ಜಾಯಿಂಟಿನಲ್ಲಿ ಸಿಕ್ಕಿಕೊಳ್ಳಬಹುದು. ಐದನೇ ವಾರ ಅಕ್ಕನ ಮನೆಯಿಂದ ಹಲಸಿನಹಣ್ಣು ಬಂತು. "ಎರಡೇ ತೊಳೆ ಕಣೇ" ಅಂತ ಹೆಂಡತಿಗೆ ಹೇಳಿ ಆರು ತಿಂದೆ. ಆ ರಾತ್ರಿ ಹೊಟ್ಟೆ ಹಿಂಡಿದ್ದು ನೆನೆಸಿಕೊಂಡರೆ ಈಗಲೂ ಬೆವರುತ್ತೇನೆ. ಮುದ್ದೆಯನ್ನು ನಾನು ಮೂರನೇ ವಾರ ಅರ್ಧ ಉಂಡೆಯಿಂದ ಶುರು ಮಾಡಿದೆ, ಒಗ್ಗಿತು. ಹೊಸ ಪದಾರ್ಥ ದಿನಕ್ಕೆ ಒಂದೇ ಸೇರಿಸಿ, ಇಲ್ಲದಿದ್ದರೆ ಯಾವುದು ಕೈಕೊಟ್ಟಿತು ಗೊತ್ತಾಗುವುದಿಲ್ಲ.

ಲೋಪರಮೈಡ್ ಮಾತ್ರೆಯನ್ನು ಕರುಳಿನ ವೇಗ ತಗ್ಗಿಸಲು ಕೊಡುತ್ತಾರೆ. 2 ಮಿ.ಗ್ರಾಂ. ಮಾತ್ರೆ ಇರುತ್ತದೆ, ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಕೆಲಸ ಚೆನ್ನಾಗಿ ಮಾಡುತ್ತದೆ. ಎಷ್ಟು ಅಂತ ಡಾಕ್ಟರೇ ಹೇಳಬೇಕು. ಜ್ವರ ಇದ್ದರೆ, ಮಲದಲ್ಲಿ ರಕ್ತ ಬಂದರೆ, ಹೊಟ್ಟೆ ಉಬ್ಬಿ ಗ್ಯಾಸ್ ಹೋಗದಿದ್ದರೆ ಮುಟ್ಟಬೇಡಿ. ಇಸಬ್‌ಗೋಲನ್ನು ಕಡಿಮೆ ನೀರಿನಲ್ಲಿ ತೆಗೆದುಕೊಂಡರೆ ಮಲ ಕೂಡಿಕೊಂಡು ಬರಲು ಸಹಾಯವಾಗುತ್ತದೆ, ಆದರೆ ಮೊದಲ ವಾರಗಳಲ್ಲಿ ಕೇಳದೆ ಶುರು ಮಾಡಬೇಡಿ.

ಮೊದಲ ಆರರಿಂದ ಎಂಟು ವಾರ ನಾಲ್ಕೈದು ಕೆ.ಜಿ.ಗಿಂತ ಹೆಚ್ಚು ಎತ್ತಬೇಡಿ. ತುಂಬಿದ ಕೊಡ, ಸಿಲಿಂಡರು, ಮೊಮ್ಮಗು ಎಲ್ಲವೂ ಇದರಲ್ಲಿ ಬಂತು. ಬ್ಯಾಗ್ ಇದ್ದ ಜಾಗದಲ್ಲಿ ಹರ್ನಿಯಾ ಆಗುವುದು ಸಾಮಾನ್ಯ ತೊಂದರೆ. ಕೆಮ್ಮುವಾಗ ದಿಂಬು ಒತ್ತಿ ಹಿಡಿಯಿರಿ. ಸ್ಕೂಟರನ್ನು ಡಾಕ್ಟರು ಸರಿ ಅಂದ ಮೇಲೆ ಹತ್ತಿ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು: 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ನಿಲ್ಲದ ವಾಂತಿ, ಹೊಟ್ಟೆ ಉಬ್ಬಿ ಗ್ಯಾಸೂ ಹೋಗದಿರುವುದು, ಜಾಸ್ತಿಯಾಗುತ್ತಲೇ ಹೋಗುವ ನೋವು, ಗಾಯದಿಂದ ಕೀವು ಅಥವಾ ಮಲ, ತುಂಬಾ ರಕ್ತ, ಮೂತ್ರ ತೀರಾ ಕಡಿಮೆಯಾಗುವುದು. ಬೆಳಗಾಗಲಿ ಅಂತ ಕಾಯಬೇಡಿ.

ಹಂತ 8: ತಿಂಗಳುಗಳ ಲೆಕ್ಕ

ಸುಧಾರಣೆ ದಿನದಿಂದ ದಿನಕ್ಕೆ ಕಾಣುವುದಿಲ್ಲ, ತಿಂಗಳಿಂದ ತಿಂಗಳಿಗೆ ಕಾಣುತ್ತದೆ. ಅದಕ್ಕೇ ಡೈರಿ ಬೇಕು. ನನ್ನದು ಮೂರನೇ ತಿಂಗಳಿಗೆ ದಿನಕ್ಕೆ ಎಂಟು ಸಲ, ವರ್ಷ ತುಂಬುವ ಹೊತ್ತಿಗೆ ದಿನಕ್ಕೆ ನಾಲ್ಕೈದು. ಮೊದಲ ಒಂದೆರಡು ವರ್ಷಗಳಲ್ಲಿ ಆಗುವಷ್ಟು ಆಗುತ್ತದೆ, ಆಮೇಲಿನ ಬದಲಾವಣೆ ಕಡಿಮೆ.

ತಿಂದ ತಕ್ಷಣ ಕರುಳು ಎಚ್ಚರಗೊಳ್ಳುತ್ತದೆ. ಇದನ್ನು ಉಪಯೋಗಕ್ಕೆ ತೆಗೆದುಕೊಳ್ಳಿ. ನಾನು ಒಂಬತ್ತಕ್ಕೆ ಮನೆ ಬಿಡಬೇಕಿದ್ದರೆ ಆರಕ್ಕೇ ತಿಂಡಿ ಮುಗಿಸುತ್ತೇನೆ. ಎರಡು ಸಲ ಹೋಗಿಬಂದು, ಮೂರನೆಯದಕ್ಕೆ ಅರ್ಧ ಗಂಟೆ ಕಾದು ಹೊರಡುತ್ತೇನೆ. ದೂರದ ಪ್ರಯಾಣಕ್ಕೆ ಬಸ್ಸಿಗಿಂತ ರೈಲು. ಒಳಗೇ ಟಾಯ್ಲೆಟ್ ಇದೆ, ಬಾಗಿಲ ಹತ್ತಿರದ ಸೀಟು ಸಿಕ್ಕರೆ ರಾಜಯೋಗ. ಚೀಲದಲ್ಲಿ ಒಂದು ಜೊತೆ ಒಳಉಡುಪು, ಪ್ಯಾಡು, ಸಣ್ಣ ನೀರಿನ ಬಾಟಲಿ.

ಆರು ತಿಂಗಳಾದರೂ ಲಾರ್ಸ್ ಅಂಕ 30 ಅಥವಾ ಅದಕ್ಕಿಂತ ಮೇಲೇ ಇದ್ದರೆ ಸುಮ್ನೆ ಸಹಿಸಬೇಡಿ. ತಳಸ್ನಾಯುಗಳ ಫಿಸಿಯೋಥೆರಪಿ ಇದೆ. ಹಿಂದಿನಿಂದ ಉಗುರುಬೆಚ್ಚಗಿನ ನೀರು ಬಿಟ್ಟು ಕರುಳನ್ನು ಒಂದೇ ಸಲಕ್ಕೆ ಖಾಲಿ ಮಾಡುವ ವಿಧಾನ ಇದೆ, ಕಲಿಸುವವರಿಂದಲೇ ಕಲಿಯಬೇಕು. ಅದೂ ಆಗದಿದ್ದರೆ ನರಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಡುವ ಉಪಕರಣ. ಇವೆಲ್ಲ ಆಗಿಯೂ ಬದುಕು ಬಚ್ಚಲಿಗೇ ಅಂಟಿಕೊಂಡಿದ್ದರೆ, ಮತ್ತೆ ಸ್ಟೋಮಾ ಮಾಡಿಸಿಕೊಳ್ಳುವವರೂ ಇದ್ದಾರೆ. ಕ್ಯಾನ್ಸರ್ ಫಾಲೋಅಪ್ ಮಾತ್ರ ತಪ್ಪಿಸಬೇಡಿ, ರಿವರ್ಸಲ್ ಆಯಿತು ಅಂದರೆ ಅದು ಮುಗಿಯಿತು ಅಂತಲ್ಲ.

ಉಳಿದ ಬ್ಯಾಗುಗಳನ್ನು ಏನು ಮಾಡುವುದು? ಮೂರು ತಿಂಗಳು ಬೀರುವಿನಲ್ಲಿ ಇಡಿ, ಬಿಸಿಲು ತಾಗದ ಹಾಗೆ. ಆಮೇಲೆ ಎಕ್ಸ್‌ಪೈರಿ ದಿನಾಂಕ, ಚರ್ಮಕ್ಕೆ ಅಂಟಿಸುವ ಪ್ಲೇಟಿನ ಅಳತೆ ನೋಡಿ, ಬಿಚ್ಚದವುಗಳನ್ನು ನಿಮ್ಮ ಆಸ್ಪತ್ರೆಯ ಸ್ಟೋಮಾ ನರ್ಸ್ ಕೈಗೆ ಕೊಡಿ. ಒಂದೊಂದಕ್ಕೂ ಎಷ್ಟು ದುಡ್ಡು ಅಂತ ನಮಗೇ ಗೊತ್ತಲ್ವಾ. ನನ್ನ ಹನ್ನೊಂದು ಬ್ಯಾಗು ಹೀಗೆ ಹೋದವು. ಒಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ, ಯಾಕೆ ಅಂತ ಹೆಂಡತಿ ಕೇಳುತ್ತಲೇ ಇರುತ್ತಾಳೆ.